ಕ್ಯಾಮೆರಾ ಕೊಳ್ಳುವ ದಿನ, ಕ್ಯಾಮೆರಾ ಕೆಡುವ ದಿನ

ಪಾಸ್ಖ ಹಬ್ಬ ಕಳೆದು ಮಳೆ ಹಿಡಿಯುವ ತನಕ ನಮ್ಮ ಗಡಿನಾಡಿನ ಇಗರ್ಜಿಗಳಲ್ಲಿ ಮದುವೆಗಳ ಸಾಲು. ಮಂಜೇಶ್ವರದಿಂದ ಕಾಸರಗೋಡಿನವರೆಗೆ ಸಭಾಭವನಗಳಿಗೆ ಬಿಡುವಿರುವುದಿಲ್ಲ. ಹಿಂದಿನ ದಿನದ ರೋಸ್‌ನಿಂದ ಹಿಡಿದು ಮರುದಿನ ಊಟದ ಕೊನೆಯ ಪಂಕ್ತಿಯವರೆಗೆ ಮದುಮಕ್ಕಳ ಜೊತೆಯಲ್ಲೇ ಇರುವವನೆಂದರೆ ಫೋಟೋಗ್ರಾಫರ್. ಮದುಮಕ್ಕಳು ಕೈ ಹಿಡಿದು ವಚನ ಕೊಡುವ ಆ ಒಂದೆರಡು ನಿಮಿಷ ಅವನ ಕ್ಯಾಮೆರಾ ಕೈಕೊಟ್ಟರೆ, ನಾವು ಯಾರೂ ಆ ವಚನವನ್ನು ಮತ್ತೊಮ್ಮೆ ಹೇಳಿಸುವುದಿಲ್ಲ.

ನಮ್ಮ ಧರ್ಮಕೇಂದ್ರಗಳ ಯುವಕರಲ್ಲಿ ಹಲವರು ಈಗ ಇದೇ ಕಸುಬನ್ನು ಹಿಡಿದಿದ್ದಾರೆ. ಅವರೂ, ಅವರಿಗಿಂತ ಹೆಚ್ಚಾಗಿ ಅವರ ಹೆತ್ತವರೂ ನಮ್ಮಲ್ಲಿ ಕೇಳುವ ಪ್ರಶ್ನೆ ಒಂದೇ: "ಫಾದರ್, ಮಂಗಳೂರಿನ ಅಂಗಡಿಯಲ್ಲಿ ಎರಡು ಲಕ್ಷ ಹೇಳುತ್ತಾರೆ. ಅದೇ ಕ್ಯಾಮೆರಾ ಬೇರೆ ಕಡೆ ಇಪ್ಪತ್ತೆಂಟು ಸಾವಿರ ಕಡಿಮೆಗೆ ಸಿಗುತ್ತದಂತೆ. ಅಂಗಡಿಯವನಿಗೆ ಅಷ್ಟು ಹೆಚ್ಚು ಯಾಕೆ ಕೊಡಬೇಕು?"

ಪ್ರಶ್ನೆ ನ್ಯಾಯವಾದದ್ದೇ. ಇಪ್ಪತ್ತೆಂಟು ಸಾವಿರ ಸಣ್ಣ ಮೊತ್ತವಲ್ಲ. ಆ ಎರಡು ಲಕ್ಷದ ಹಿಂದೆ ಬ್ಯಾಂಕಿನ ಸಾಲವಿರಬಹುದು, ತಾಯಿಯ ಅಡವಿಟ್ಟ ಬಳೆಗಳಿರಬಹುದು. ಆದುದರಿಂದ ಈ ತಿಂಗಳು ಈ ವಿಷಯವನ್ನೇ ಸ್ವಲ್ಪ ಬಿಡಿಸಿ ನೋಡೋಣ.

ಕಡಿಮೆ ಬೆಲೆಯಲ್ಲಿ ಮೂರು ಬಗೆ

ಕಡಿಮೆ ಬೆಲೆ ಎಂದಾಕ್ಷಣ ಅದರಲ್ಲಿ ಮೋಸವಿದೆ ಎಂದು ತಿಳಿಯಬಾರದು. ಕಡಿಮೆ ಹೇಗಾಯಿತು ಎಂದು ಮಾತ್ರ ಕೇಳಲೇಬೇಕು.

ಮೊದಲನೆಯದು ಪ್ರಾಮಾಣಿಕವಾದ ಕಡಿಮೆ. ದೊಡ್ಡ ನಗರದ ಅಧಿಕೃತ ಡೀಲರ್ ತಿಂಗಳಿಗೆ ನೂರಾರು ಕ್ಯಾಮೆರಾ ಮಾರುತ್ತಾನೆ, ಒಂದೊಂದರಲ್ಲಿ ಅವನಿಗೆ ಸ್ವಲ್ಪ ಲಾಭ ಸಾಕು. ಹಬ್ಬದ ದಿನಗಳಲ್ಲಿ ಕಂಪನಿಯೇ ಬೆಲೆ ಇಳಿಸುತ್ತದೆ. ಹೊಸ ಮಾದರಿ ಬರುವ ಹೊತ್ತಿಗೆ ಹಳೆಯದು ಅಗ್ಗವಾಗುತ್ತದೆ. ಇಂಥ ಕಡೆ ಸರಿಯಾದ ಬಿಲ್ಲು ಸಿಗುತ್ತದೆ, ಕಂಪನಿಯ ವಾರಂಟಿಯೂ ಸಿಗುತ್ತದೆ. ಇಲ್ಲಿ ವ್ಯತ್ಯಾಸ ಸಾಮಾನ್ಯವಾಗಿ ಕೆಲವೇ ಸಾವಿರ ರೂಪಾಯಿಗಳದು.

ಎರಡನೆಯದು ಬಿಲ್ಲಿಲ್ಲದ ಕಡಿಮೆ. ಕ್ಯಾಮೆರಾಗಳ ಮೇಲಿನ ಜಿಎಸ್‌ಟಿ 2019ರ ಜನವರಿಯಲ್ಲಿ ಶೇಕಡಾ 28ರಿಂದ 18ಕ್ಕೆ ಇಳಿಯಿತು. ತೆರಿಗೆ ಸೇರಿ ಎರಡು ಲಕ್ಷದ ಕ್ಯಾಮೆರಾದಲ್ಲಿ ಸುಮಾರು 30,500 ರೂಪಾಯಿ ತೆರಿಗೆಯದೇ ಪಾಲು. "ಬಿಲ್ಲು ಬೇಡವಾದರೆ ಇಪ್ಪತ್ತೆಂಟು ಸಾವಿರ ಕಡಿಮೆ ಮಾಡುತ್ತೇನೆ" ಎನ್ನುವವನು ತನ್ನ ಲಾಭದಿಂದ ಒಂದು ರೂಪಾಯಿಯನ್ನೂ ಬಿಟ್ಟುಕೊಡಬೇಕಾಗಿಲ್ಲ. ಅವನು ಬಿಡುತ್ತಿರುವುದು ಸರಕಾರಕ್ಕೆ ಸಲ್ಲಬೇಕಾದ ಹಣ, ನಮ್ಮನ್ನು ಅದರಲ್ಲಿ ಪಾಲುದಾರರನ್ನಾಗಿ ಮಾಡಿಕೊಳ್ಳುತ್ತಾನೆ ಅಷ್ಟೆ. ಇದು ಸರಿಯಲ್ಲ ಎಂದು ಬೇರೆ ಹೇಳಬೇಕಾಗಿಲ್ಲ. ನಷ್ಟವೂ ನಮಗೇ. ಬಿಲ್ಲಿಲ್ಲದೆ ವಾರಂಟಿ ಕೇಳಲು ಆಗದು, ವಿಮೆ ಕೇಳಲು ಆಗದು, ಕಳವಾದರೆ ಪೊಲೀಸರ ಮುಂದೆ ಇದು ನಮ್ಮದೆಂದು ತೋರಿಸುವುದೂ ಕಷ್ಟ. ಮುದ್ರಾ ಯೋಜನೆಯಲ್ಲಿ ಸಾಲ ಮಾಡಿ ಕೊಳ್ಳುವವರಿಗಂತೂ ಬ್ಯಾಂಕಿನಲ್ಲಿ ಮೊದಲು ಕೇಳುವುದೇ ಅಂಗಡಿಯ ಕೊಟೇಶನ್ ಮತ್ತು ಬಿಲ್ಲನ್ನು.

ಮೂರನೆಯದು ಗ್ರೇ ಮಾರ್ಕೆಟ್ ಎಂದು ಕರೆಯುವ ಬಗೆ. ವಸ್ತು ನಕಲಿಯಲ್ಲ. ಆದರೆ ಕಂಪನಿಯ ಭಾರತೀಯ ಶಾಖೆಯ ಮೂಲಕ ಬರದೆ ಬೇರೆ ದಾರಿಯಿಂದ ಬಂದದ್ದು. ಕ್ಯಾಮೆರಾ ಕಂಪನಿಗಳ ವಾರಂಟಿ ಹೆಚ್ಚಾಗಿ ದೇಶಕ್ಕೆ ಸೀಮಿತವಾಗಿರುತ್ತದೆ. ಇಲ್ಲಿಯ ಸರ್ವಿಸ್ ಸೆಂಟರಿನಲ್ಲಿ ಸೀರಿಯಲ್ ನಂಬರು ಹೊಡೆದು ನೋಡಿದರೆ ಅದು ಇಲ್ಲಿಗಾಗಿ ಬಂದದ್ದಲ್ಲ ಎಂದು ತಿಳಿಯುತ್ತದೆ. ಇದನ್ನು ಗುರುತಿಸಲು ಸುಲಭವಾದ ಒಂದು ಉಪಾಯವಿದೆ. 2011ರ ಪೊಟ್ಟಣ ಸರಕುಗಳ ನಿಯಮದಂತೆ ಹೊರದೇಶದ ವಸ್ತುವಿನ ಪೆಟ್ಟಿಗೆಯ ಮೇಲೆ ಭಾರತದ ಆಮದುದಾರನ ಹೆಸರು, ವಿಳಾಸ, ಎಲ್ಲ ತೆರಿಗೆ ಸೇರಿದ ಗರಿಷ್ಠ ಮಾರಾಟ ಬೆಲೆ, ದೂರು ಹೇಳಲು ಸಂಪರ್ಕ ವಿವರ ಇರಲೇಬೇಕು. ಆ ಚೀಟಿ ಇಲ್ಲದಿದ್ದರೆ ಅಲ್ಲೇ ಸಂಶಯಪಡಬೇಕು. ಪೆಟ್ಟಿಗೆಯ ಮೇಲಿನ, ಕ್ಯಾಮೆರಾದ ತಳದಲ್ಲಿನ ಮತ್ತು ಬಿಲ್ಲಿನಲ್ಲಿನ ಸೀರಿಯಲ್ ನಂಬರು ಮೂರೂ ಒಂದೇ ಆಗಿವೆಯೇ ಎಂದೂ ನೋಡಬೇಕು.

ನಮ್ಮ ಕಡೆ ಇದಕ್ಕೆ ಇನ್ನೊಂದು ರೂಪವೂ ಇದೆ. ಗಲ್ಫಿನಲ್ಲಿ ಒಬ್ಬರಾದರೂ ಇಲ್ಲದ ಮನೆ ಇಲ್ಲಿ ಅಪರೂಪ. "ದುಬೈಯಿಂದ ಮಾವ ಬರುವಾಗ ತರುತ್ತಾರೆ" ಎನ್ನುವುದು ಪ್ರೀತಿಯ ಮಾತು. ಆದರೆ ಸುಂಕವಿಲ್ಲದೆ ತರಬಹುದಾದ ವಸ್ತುಗಳ ಮೌಲ್ಯಕ್ಕೆ ಮಿತಿ ಇದೆ. ಎರಡು ಲಕ್ಷದ ಕ್ಯಾಮೆರಾ ಆ ಮಿತಿಯನ್ನು ದಾಟುತ್ತದೆ. ಸುಂಕ ಕಟ್ಟಿದರೆ ಉಳಿತಾಯ ಕರಗುತ್ತದೆ. ಕಟ್ಟದೆ ತರಲು ಹೋದರೆ ಮಾವನಿಗೆ ವಿಮಾನ ನಿಲ್ದಾಣದಲ್ಲಿ ತೊಂದರೆ. ತಂದ ಮೇಲೂ ಆ ಕಂಪನಿಯ ವಾರಂಟಿ ಭಾರತದಲ್ಲಿ ನಡೆಯುತ್ತದೆಯೇ ಎಂಬುದನ್ನು ಕೊಳ್ಳುವ ಮೊದಲೇ ಬರಹದಲ್ಲಿ ಕೇಳಿಕೊಳ್ಳಬೇಕು.

ವಾರಂಟಿ ಕಂಪನಿಯದು, ಸೇವೆ ಅಂಗಡಿಯವನದು

ಇನ್ನು ಎರಡೂ ಕಡೆ ಬಿಲ್ಲು ಇದೆ, ವಾರಂಟಿ ಇದೆ, ಬೆಲೆ ಮಾತ್ರ ಬೇರೆ ಎಂದಿಟ್ಟುಕೊಳ್ಳೋಣ. ಆಗ ಹತ್ತಿರದ ಡೀಲರನಿಗೆ ಹೆಚ್ಚು ಕೊಡುವುದಕ್ಕೆ ಏನು ಕಾರಣ?

ಇಲ್ಲಿ ನಮ್ಮ ಜನ ಎರಡು ವಿಷಯಗಳನ್ನು ಒಂದಾಗಿ ತಿಳಿಯುತ್ತಾರೆ. ವಾರಂಟಿ ಎಂದರೆ ಕಂಪನಿ ಕೊಡುವ ಮಾತು. ಅಧಿಕೃತ ಡೀಲರ್ ಯಾರೇ ಇರಲಿ, ಅದು ಒಂದೇ. ಮಂಗಳೂರಿನಲ್ಲಿ ಕೊಂಡವನಿಗೂ ಮುಂಬಯಿಯಿಂದ ತರಿಸಿದವನಿಗೂ ಕಂಪನಿ ಮಾಡುವ ದುರಸ್ತಿ ಒಂದೇ ತೆರನಾದದ್ದು. ಆದ್ದರಿಂದ "ನಮ್ಮಲ್ಲಿ ಕೊಂಡರೆ ವಾರಂಟಿ ಇದೆ" ಎಂಬುದು ಹೆಚ್ಚು ಬೆಲೆ ಕೇಳಲು ಕಾರಣವಾಗಲಾರದು.

ಸೇವೆ ಬೇರೆ. ಅದು ಅಂಗಡಿಯವನು ತಾನಾಗಿ ಮಾಡುವ ಕೆಲಸ. ಪೆಟ್ಟಿಗೆ ಬಿಚ್ಚಿ ಎದುರಿಗೇ ಪರೀಕ್ಷಿಸಿ ಕೊಡುವುದು; ಮೊದಲ ವಾರದಲ್ಲಿ ದೋಷ ಕಂಡರೆ ಕಂಪನಿಯೊಡನೆ ತಾನೇ ಮಾತಾಡಿ ಬದಲಾಯಿಸಿಕೊಡುವುದು; ದುರಸ್ತಿಗೆ ಕೊಟ್ಟ ಕ್ಯಾಮೆರಾವನ್ನು ಭದ್ರವಾಗಿ ಕಳುಹಿಸಿ, ಅದು ಎಲ್ಲಿದೆ, ಯಾವಾಗ ಬರುತ್ತದೆ ಎಂದು ಬೆನ್ನು ಹತ್ತುವುದು; ಎಲ್ಲಕ್ಕಿಂತ ಮುಖ್ಯವಾಗಿ ಶನಿವಾರದ ಮದುವೆಗೆ ಕ್ಯಾಮೆರಾ ಇಲ್ಲದಾದಾಗ ತನ್ನಲ್ಲಿರುವ ಒಂದನ್ನು ಕೈಗೆ ಕೊಡುವುದು. ಇದು ಯಾವ ವಾರಂಟಿ ಕಾರ್ಡಿನಲ್ಲೂ ಅಚ್ಚಾಗಿರುವುದಿಲ್ಲ.

ವಾರಂಟಿ ಸಾಮಾನ್ಯವಾಗಿ ಒಂದೋ ಎರಡೋ ವರ್ಷ. ಮದುವೆಯ ಕ್ಯಾಮೆರಾಕ್ಕೆ ತೊಂದರೆ ಶುರುವಾಗುವುದು ಹೆಚ್ಚಾಗಿ ಅದು ಮುಗಿದ ನಂತರವೇ. ಶಟರನ್ನೇ ನೋಡಿ. ಸೋನಿ ಎ7-3, ನಿಕಾನ್ ಡಿ850 ಮಾದರಿಗಳ ಯಾಂತ್ರಿಕ ಶಟರನ್ನು 2 ಲಕ್ಷ ಬಾರಿ ಪರೀಕ್ಷಿಸಿದೆ ಎಂದು ತಯಾರಕರು ಹೇಳಿದ್ದರು. ಕ್ಯಾನನ್ 5ಡಿ ಮಾರ್ಕ್ 4ಕ್ಕೆ 1.5 ಲಕ್ಷ. ಒಂದು ಮದುವೆಗೆ 2,500 ಫೋಟೋ, ವರ್ಷಕ್ಕೆ 30 ಮದುವೆ ಎಂದರೆ ವರ್ಷಕ್ಕೆ 75,000. ಮೂರು ವರ್ಷ ತುಂಬುವುದರೊಳಗೆ 2 ಲಕ್ಷ ದಾಟುತ್ತದೆ. ಅಂದೇ ಕೆಟ್ಟುಹೋಗುತ್ತದೆ ಎಂದಲ್ಲ, ಅಲ್ಲಿಂದ ಮುಂದೆ ಯಾವಾಗ ಬೇಕಾದರೂ ಕೆಲಸ ಬರಬಹುದು. ಆ ದಿನ ವಾರಂಟಿ ಕಾರ್ಡು ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ.

ನಮ್ಮ ಕರಾವಳಿಯ ಮಳೆಗಾಲವೂ ಹಾಗೆಯೇ. ನಾಲ್ಕು ತಿಂಗಳ ತೇವದಲ್ಲಿ ಬ್ಯಾಗಿನೊಳಗಿಟ್ಟ ಲೆನ್ಸಿಗೆ ಬೂಷ್ಟು ಹಿಡಿಯುತ್ತದೆ, ಫೋಟೋದವರು ಅದನ್ನು ಫಂಗಸ್ ಎನ್ನುತ್ತಾರೆ. ಸಾಮಾನ್ಯವಾಗಿ ವಾರಂಟಿಯಲ್ಲಿ ಇದು ಸೇರುವುದಿಲ್ಲ. ಬಲ್ಲ ಡೀಲರ್ ಮಾರುವಾಗಲೇ, "ಲೆನ್ಸಿಗೆ ಎರಡು ಲಕ್ಷ ಹಾಕುವವರು ತೇವಾಂಶವನ್ನು ಶೇಕಡಾ 40–50ರಲ್ಲಿ ಇಡುವ ಡ್ರೈ ಕ್ಯಾಬಿನೆಟ್ಟಿಗೂ ಸ್ವಲ್ಪ ತೆಗೆದಿಡಿ" ಎಂದು ಹೇಳುತ್ತಾನೆ. ಆ ಒಂದು ಮಾತು ಎಷ್ಟೋ ಲೆನ್ಸುಗಳನ್ನು ಉಳಿಸುತ್ತದೆ.

ಕಂಪನಿಗಳೂ ಶಾಶ್ವತವಲ್ಲ. ಫಿಲ್ಮಿನ ಕಾಲದಲ್ಲಿ ದೊಡ್ಡ ಹೆಸರಾಗಿದ್ದ ಮಿನೋಲ್ಟಾ, ಕೊನಿಕಾದೊಡನೆ ಸೇರಿದ ಮೇಲೆ 2006ರ ಮಾರ್ಚಿನಲ್ಲಿ ಕ್ಯಾಮೆರಾ ವ್ಯವಹಾರವನ್ನೇ ಬಿಟ್ಟಿತು. ಆಗಲೇ ಮಾರಿದ್ದ ಕ್ಯಾಮೆರಾಗಳ ದುರಸ್ತಿಯ ಹೊಣೆಯನ್ನು ಸೋನಿಗೆ ವಹಿಸಲಾಯಿತು. ಹೊಣೆ ಹೊರುವವರು ಒಬ್ಬರು ಇದ್ದುದರಿಂದ ಕೊಂಡವರು ಪೂರ್ತಿ ಕೈಬಿಟ್ಟು ಹೋಗಲಿಲ್ಲ. ದೊಡ್ಡ ಯಂತ್ರ ಕೊಳ್ಳುವಾಗ ನಾವು ಕೇಳಬೇಕಾದುದು ಇದನ್ನೇ: ನಾಳೆ ಇದಕ್ಕೆ ಹೊಣೆ ಯಾರು?

ಲೆಕ್ಕ ಹಾಕುವ ರೀತಿ

ಕಾಗದದ ಮೇಲೆ ಒಮ್ಮೆ ಲೆಕ್ಕ ಮಾಡೋಣ. ಅಂಕೆಗಳು ಉದಾಹರಣೆಗೆ ಮಾತ್ರ, ನಿಮ್ಮ ನಿಮ್ಮ ಅಂಕೆಗಳನ್ನು ಹಾಕಿಕೊಳ್ಳಿ. ಹತ್ತಿರದ ಡೀಲರ್ 2,00,000, ದೂರದ ಅಧಿಕೃತ ಡೀಲರ್ 1,92,000, ಬಿಲ್ಲಿಲ್ಲದವನು 1,72,000. ಮೂರು ವರ್ಷದಲ್ಲಿ 90 ಮದುವೆ. ಹತ್ತಿರದವನಿಗೂ ದೂರದವನಿಗೂ ಇರುವ 8,000 ರೂಪಾಯಿ ವ್ಯತ್ಯಾಸವನ್ನು 90ರಿಂದ ಭಾಗಿಸಿದರೆ ಮದುವೆಗೆ 89 ರೂಪಾಯಿ. ಬಿಲ್ಲಿಲ್ಲದವನೊಡನೆ ಹೋಲಿಸಿದರೆ ಮದುವೆಗೆ 311 ರೂಪಾಯಿ.

ಈಗ ಇನ್ನೊಂದು ಕಡೆ ಬರೆಯಿರಿ. ಕ್ಯಾಮೆರಾ ಕೆಟ್ಟು ಮೂರು ವಾರ ದುರಸ್ತಿಯಲ್ಲಿದೆ. ಆ ನಡುವೆ ನಾಲ್ಕು ಮದುವೆ. ದಿನಕ್ಕೆ 2,000ದಂತೆ ಬಾಡಿಗೆ ಕ್ಯಾಮೆರಾ ತಂದರೂ 8,000. ದೂರದವನಲ್ಲಿ ಉಳಿಸಿದ್ದು ಅಷ್ಟೂ ಅಲ್ಲಿಗೆ ಮುಗಿಯಿತು. ತಾವೇ ಬೆಂಗಳೂರಿಗೋ ಕೊಚ್ಚಿಗೋ ಎರಡು ಸಲ ಓಡಾಡಿದರೆ ಬಸ್ಸಿನ ಖರ್ಚು, ಹೋದ ದಿನದ ಕೆಲಸ ಬೇರೆ. ಬಾಡಿಗೆಗೂ ಸಿಗದೆ ಒಂದು ಮದುವೆ ಕೈತಪ್ಪಿದರೆ ಆ ಮನೆಯವರ ದುಃಖಕ್ಕೆ ಬೆಲೆ ಕಟ್ಟುವವರು ಯಾರು? ಈ ಕಸುಬಿನಲ್ಲಿ ಹೆಸರು ಬಾಯಿಂದ ಬಾಯಿಗೆ ಹರಡುತ್ತದೆ, ಕೆಟ್ಟ ಹೆಸರು ಇನ್ನೂ ಬೇಗ.

ಆದರೂ ಎಲ್ಲಾ ವಸ್ತುವಿಗೂ ಈ ಲೆಕ್ಕ ಹೊಂದುವುದಿಲ್ಲ. ಮೂರುಕಾಲಿನ ಸ್ಟ್ಯಾಂಡು, ಬ್ಯಾಗು, ಲೈಟಿನ ಕಂಬ ಇವುಗಳಿಗೆ ಅಂಗಡಿಯವನ ಸೇವೆ ಬೇಕಾಗುವುದು ಅಪರೂಪ. ಕಡಿಮೆ ಎಲ್ಲಿದೆಯೋ ಅಲ್ಲಿ ಕೊಳ್ಳಬಹುದು. ಬ್ಯಾಟರಿ ಮತ್ತು ಮೆಮೊರಿ ಕಾರ್ಡುಗಳಲ್ಲಿ ಮಾತ್ರ ಅಗ್ಗ ಹುಡುಕಬಾರದು, ನಕಲಿ ಬಹಳ. ಈಗಾಗಲೇ ಎರಡು ಕ್ಯಾಮೆರಾ ಇರುವವನು ಮೂರನೆಯದನ್ನು ದೂರದ ಅಧಿಕೃತ ಡೀಲರನಿಂದ ತರಿಸಿದರೆ ತಪ್ಪಿಲ್ಲ, ಒಂದು ಕೆಟ್ಟರೆ ಇನ್ನೊಂದಿದೆ. ಇರುವುದು ಒಂದೇ ಆದರೆ, ಅದರ ಮೇಲೆಯೇ ಮನೆ ನಡೆಯುತ್ತಿದ್ದರೆ, ಸೇವೆಗೆ ಕೊಡುವ ಹಣ ದಂಡವಲ್ಲ.

ಡೀಲರನನ್ನೂ ಪರೀಕ್ಷಿಸಬೇಕು

ಹತ್ತಿರದಲ್ಲಿದ್ದಾನೆ ಎಂದ ಮಾತ್ರಕ್ಕೆ ಹೆಚ್ಚು ಕೊಡಬೇಕಾಗಿಲ್ಲ. ಹಣ ಎಣಿಸಿಕೊಳ್ಳುವ ತನಕ ಚಹಾ ತರಿಸಿ, ದುರಸ್ತಿಗೆ ಹೋದಾಗ "ಕಂಪನಿಗೆ ಫೋನ್ ಮಾಡಿ" ಎಂದು ನಂಬರು ಬರೆದುಕೊಡುವ ಅಂಗಡಿಯವರೂ ಇದ್ದಾರೆ. ಅಂಥವರಿಗಿಂತ ದೂರದ ಕಡಿಮೆ ಬೆಲೆಯೇ ವಾಸಿ. ಆದ್ದರಿಂದ ಮುಂಗಡ ಕೊಡುವ ಮೊದಲು ನಾಲ್ಕು ಪ್ರಶ್ನೆ ಕೇಳಿ. ದುರಸ್ತಿಗೆ ನಿಮ್ಮಲ್ಲೇ ತಂದುಕೊಡಬಹುದೇ, ಕಳುಹಿಸುವ ಖರ್ಚು ಯಾರದು? ಸಾಮಾನ್ಯವಾಗಿ ಎಷ್ಟು ದಿನ ಹಿಡಿಯುತ್ತದೆ? ಆ ದಿನಗಳಲ್ಲಿ ಬದಲಿ ಕ್ಯಾಮೆರಾ ಕೊಡುತ್ತೀರಾ, ಅದಕ್ಕೆ ಬಾಡಿಗೆ ಎಷ್ಟು? ಮೊದಲ ವಾರ ದೋಷ ಕಂಡರೆ ಏನು ಮಾಡುತ್ತೀರಿ? ಉತ್ತರವನ್ನು ಬಿಲ್ಲಿನ ಹಿಂದೆಯಾದರೂ ಬರೆಸಿಕೊಳ್ಳಿ. ಅದಕ್ಕಿಂತ ಒಳ್ಳೆಯದು, ಅವನಲ್ಲಿ ಮೂರು ವರ್ಷದ ಹಿಂದೆ ಕೊಂಡ ಇಬ್ಬರು ಫೋಟೋಗ್ರಾಫರರನ್ನು ಕಂಡು ವಿಚಾರಿಸುವುದು.

ಚೌಕಾಸಿ ಮಾಡುವುದರಲ್ಲಿ ನಾಚಿಕೆಯಿಲ್ಲ. ದೂರದ ಅಧಿಕೃತ ಬೆಲೆಯನ್ನು ತೋರಿಸಿ, "ಇದಕ್ಕೆ ಎಷ್ಟು ಹತ್ತಿರ ಬರುತ್ತೀರಿ?" ಎಂದು ನೇರವಾಗಿ ಕೇಳಿ. ಬೆಲೆ ಇಳಿಸದಿದ್ದರೂ ಬ್ಯಾಟರಿಯನ್ನೋ ವರ್ಷಕ್ಕೊಮ್ಮೆ ಶುಚಿ ಮಾಡಿಕೊಡುವುದನ್ನೋ ಸೇರಿಸಿಕೊಡಬಹುದು. ಆದರೆ ಒಂದು ಮಾತು. ಅಂಗಡಿಯಲ್ಲಿ ಎರಡು ಗಂಟೆ ಕುಳಿತು, ಐದು ಲೆನ್ಸು ಹಾಕಿಸಿ ನೋಡಿ, ಅವನ ಅನುಭವವನ್ನೆಲ್ಲ ಕೇಳಿಕೊಂಡು, ಹೊರಗೆ ಬಂದು ಮೊಬೈಲಿನಲ್ಲಿ ಬೇರೆಯವನಿಂದ ತರಿಸುವುದು ನ್ಯಾಯವಲ್ಲ. ಅವನ ಆ ಎರಡು ಗಂಟೆಯೂ ದುಡಿಮೆಯೇ. ನಾಳೆ ನಮ್ಮ ಹುಡುಗನೊಡನೆ ಮದುವೆ ಮನೆಯವರು ಆಲ್ಬಮ್ಮಿನ ನಮೂನೆಗಳನ್ನೆಲ್ಲ ಬಿಡಿಸಿ ನೋಡಿ, ಕೆಲಸವನ್ನು ಬೇರೆಯವನಿಗೆ ಕೊಟ್ಟರೆ ಹೇಗನಿಸುತ್ತದೆ ಎಂದು ಯೋಚಿಸಿದರೆ ಸಾಕು.

ಇನ್ನೊಂದು ಸಲಹೆ: ಮದುವೆಗಳ ಕಾಲ ಶುರುವಾಗುವ ಒಂದು ತಿಂಗಳ ಮೊದಲೇ ಕೊಳ್ಳಿ. ಒಳಗಿನ ದೋಷವಿದ್ದರೆ ಮೊದಲ ಕೆಲವು ಸಾವಿರ ಫೋಟೋಗಳಲ್ಲೇ ಕಾಣಿಸಿಕೊಳ್ಳುವ ಸಂಭವ ಹೆಚ್ಚು. ಅದು ಮನೆಯಂಗಳದಲ್ಲಿ ಕಾಣಲಿ, ಬಲಿಪೀಠದ ಮುಂದೆ ಬೇಡ.

ಗಡಿಯ ಜನರು ತಿಳಿದಿರಬೇಕಾದದ್ದು

ನಾವು ಕೊಳ್ಳುವುದು ಕರ್ನಾಟಕದಲ್ಲಿ, ಬದುಕುವುದು ಕೇರಳದಲ್ಲಿ. ಹಿಂದೆ 1986ರ ಗ್ರಾಹಕ ಕಾನೂನಿನಲ್ಲಿ, ಮಾರಿದವನು ಇರುವ ಕಡೆ ಅಥವಾ ವ್ಯವಹಾರ ನಡೆದ ಕಡೆ ದೂರು ಕೊಡಬೇಕಾಗಿತ್ತು. 2020ರ ಜುಲೈಯಲ್ಲಿ ಜಾರಿಗೆ ಬಂದ 2019ರ ಕಾನೂನಿನಂತೆ ಗ್ರಾಹಕನು ತಾನು ವಾಸಿಸುವ ಅಥವಾ ದುಡಿಯುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಮಂಗಳೂರಿನಲ್ಲಿ ಕೊಂಡದ್ದಕ್ಕೆ ಕಾಸರಗೋಡಿನ ಜಿಲ್ಲಾ ಆಯೋಗಕ್ಕೆ ಹೋಗಬಹುದು. ಐದು ಲಕ್ಷದವರೆಗಿನ ಖರೀದಿಗೆ ಶುಲ್ಕವಿಲ್ಲ, ಎರಡು ವರ್ಷದೊಳಗೆ ದೂರು ಕೊಡಬೇಕು.

"ಕಸುಬಿಗಾಗಿ ಕೊಂಡವನು ಗ್ರಾಹಕನಲ್ಲ" ಎಂದು ಕೆಲವರು ಹೆದರಿಸುತ್ತಾರೆ. ವ್ಯಾಪಾರ ಉದ್ದೇಶಕ್ಕೆ ಕೊಂಡವರನ್ನು ಕಾನೂನು ಹೊರಗಿಟ್ಟಿರುವುದು ನಿಜ. ಆದರೆ ಕೇವಲ ತನ್ನ ಜೀವನೋಪಾಯಕ್ಕಾಗಿ, ಸ್ವಂತ ಉದ್ಯೋಗಕ್ಕಾಗಿ ಕೊಂಡವನು ಗ್ರಾಹಕನೇ ಎಂದು ಅದೇ ಕಾನೂನು ಹೇಳುತ್ತದೆ. ಒಂದು ಕ್ಯಾಮೆರಾ ಹಿಡಿದು ಮನೆ ನಡೆಸುವ ನಮ್ಮ ಹುಡುಗನಿಗೆ ಇದು ದೊಡ್ಡ ಆಸರೆ. ಮೊದಲಿಗೆ 1915ಕ್ಕೆ ಫೋನ್ ಮಾಡಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯಲ್ಲಿ ಹೇಳಿಕೊಳ್ಳಬಹುದು. ಇದಕ್ಕೆಲ್ಲ ಆಧಾರ ಆ ಒಂದು ಬಿಲ್ಲು. ಕೇರಳದಲ್ಲಿ ಜಿಎಸ್‌ಟಿ ನೋಂದಣಿ ಇರುವವರು ಇನ್ನೊಂದನ್ನು ಗಮನಿಸಬೇಕು. ಕರ್ನಾಟಕದ ರಾಜ್ಯ ತೆರಿಗೆ ಹಾಕಿದ ಬಿಲ್ಲಿನ ತೆರಿಗೆಯನ್ನು ಕೇರಳದ ಲೆಕ್ಕದಲ್ಲಿ ಕಳೆಯಲಾಗದು. ಬಿಲ್ಲು ಮಾಡುವ ಮೊದಲೇ ತಮ್ಮ ಸಂಖ್ಯೆ, ವಿಳಾಸ ಕೊಟ್ಟು ಐಜಿಎಸ್‌ಟಿ ಬಿಲ್ಲನ್ನು ಕೇಳಬೇಕು.

ಎಲ್ಲ ಮನೆಗಳಿಗೂ

ನಮ್ಮ ಮನೆಯಲ್ಲಿ ಫೋಟೋ ತೆಗೆಯುವವರು ಯಾರೂ ಇಲ್ಲ ಎನ್ನುವವರೂ ಈ ಪುಟವನ್ನು ಮಗುಚಬೇಡಿ. ಹಾಲು ಕರೆಯುವ ಯಂತ್ರ ಭಾನುವಾರ ಸಂಜೆ ನಿಂತರೆ ಹಸು ಸೋಮವಾರದವರೆಗೆ ಕಾಯುವುದಿಲ್ಲ, ಕೆಚ್ಚಲು ಬಾವು ಬರಬಹುದು. ಮಳೆ ಎರಡು ದಿನ ಬಿಡುವು ಕೊಟ್ಟಾಗ ಅಡಿಕೆಗೆ ಮದ್ದು ಬಿಡುವ ಪಂಪು ಕೆಟ್ಟರೆ ಕೊಳೆರೋಗ ಬಿಡುವು ಕೊಡುವುದಿಲ್ಲ. ಹೊಲಿಗೆಯಿಂದ ಬದುಕುವ ತಾಯಂದಿರ ಯಂತ್ರವೂ ಹಬ್ಬದ ಹಿಂದಿನ ವಾರವೇ ಕೈಕೊಡಬಹುದು. ಎಲ್ಲ ಕಡೆಯೂ ಕೇಳಬೇಕಾದ ಪ್ರಶ್ನೆ ಒಂದೇ. ಇದು ಒಂದು ದಿನ ನಿಂತರೆ ನಮಗೆ ನಷ್ಟ ಎಷ್ಟು? ಆ ದಿನ ಬರುವವರು ಯಾರು?

ಮಗ ಯಂತ್ರ ಕೊಂಡು ಮನೆಗೆ ಬಂದಾಗ "ಎಷ್ಟು ಕಡಿಮೆಗೆ ಸಿಕ್ಕಿತು?" ಎಂಬುದೇ ನಮ್ಮ ಮೊದಲ ಪ್ರಶ್ನೆಯಾಗುವುದು ಬೇಡ. ಬಿಲ್ಲು ಎಲ್ಲಿದೆ, ಕೆಟ್ಟರೆ ಯಾರಲ್ಲಿಗೆ ಒಯ್ಯುತ್ತೀ ಎಂದೂ ಕೇಳೋಣ. ಮಗಳ ಮದುವೆಗೆ ಫೋಟೋಗ್ರಾಫರನನ್ನು ಗೊತ್ತುಮಾಡುವಾಗಲೂ ಹಾಗೆಯೇ. ಅಲಂಕಾರಕ್ಕೆ, ಬ್ಯಾಂಡಿಗೆ ಕೇಳಿದಷ್ಟು ಕೊಟ್ಟು, ಅವನೊಬ್ಬನೊಡನೆ ಕೊನೆಯ ಎರಡು ಸಾವಿರಕ್ಕೆ ಜಗ್ಗಾಡುತ್ತೇವೆ. ಹಾಗೆ ಜಗ್ಗಿದ ಪ್ರತಿ ಸಲವೂ ಬಿಲ್ಲಿಲ್ಲದ ಕ್ಯಾಮೆರಾದ ಕಡೆಗೆ, ಬದಲಿ ಕ್ಯಾಮೆರಾ ಇಲ್ಲದ ಬ್ಯಾಗಿನ ಕಡೆಗೆ ನಾವೇ ಅವನನ್ನು ತಳ್ಳುತ್ತೇವೆ. ಅವನ ದರ ಎಷ್ಟೆಂದು ಕೇಳುವ ಮೊದಲು ಅವನಲ್ಲಿ ಎರಡು ಕ್ಯಾಮೆರಾ ಇವೆಯೇ, ಒಂದೇ ಹೊತ್ತಿಗೆ ಎರಡು ಕಾರ್ಡಿನಲ್ಲಿ ಫೋಟೋ ಉಳಿಯುತ್ತದೆಯೇ ಎಂದು ಕೇಳಿ. ಇದೆ ಎಂದರೆ ಅದಕ್ಕೆ ತಕ್ಕ ದರವನ್ನು ಸಂತೋಷದಿಂದ ಕೊಡಿ.